ಸರಪಳಿಯ ಇನ್ನೊಂದು ತುದಿ

ತಾಯಿಕರುಳು ತಾಯಿಕರುಳು ಅಂತ ವೇದಿಕೆ ಮೇಲೆ ಕಣ್ಣೀರು ಸುರಿಸುವ ದೊಡ್ಡವರೇ, ಆ ಕರುಳಿನ ದಿನಗೂಲಿ ಎಷ್ಟು ಹೇಳ್ರಿ ನೋಡೋಣ.

ಖಾನಾಪುರದ ಕೇರಿಗಳಿಗೆ ಬನ್ನಿ. ಒಂದೇ ಖೋಲಿಯ ಮನೆ. ಅದರೊಳಗೇ ಒಲೆ, ಅದರೊಳಗೇ ಸ್ಕಿಜೋಫ್ರೇನಿಯಾ ಹಿಡಿದ ಮಗ. ಯಾರೋ ಕೊಲ್ಲಾಕ ಬಂದಾರ ಅಂತ ರಾತ್ರಿಯೆಲ್ಲ ಕೂಗುವವನನ್ನು ಅವ್ವ ಕಾಯಬೇಕು. ಕಾದರೆ ಕೂಲಿ ಇಲ್ಲ, ಕೂಲಿಗೆ ಹೋದರೆ ಕಾಯುವವರಿಲ್ಲ. ಕಡೆಗೆ ಸಣ್ಣ ಮಗಳು ಶಾಲೆ ಬಿಡುತ್ತಾಳೆ. ಮೇಷ್ಟ್ರೇ, ನಿಮ್ಮ ಹಾಜರಿ ಪುಸ್ತಕದಲ್ಲಿ ಅವಳು ಬರೀ 'ಗೈರು'. ಗೌಡರ ವಾಡೆಗೂ ಇದೇ ರೋಗ ಬರುತ್ತದೆ. ಅಲ್ಲಿ ಮಾಳಿಗೆ ಉಂಟು, ಕಾರು ಉಂಟು, ಬೆಳಗಾವಿಯ ಖಾಸಗಿ ಡಾಕ್ಟರು ಉಂಟು.

ಕೇರಿಯವರು ದೇವರ ಕಾಟ ಅಂತಾರೆ, ಸಾಲ ಮಾಡಿ ಕೋಳಿ ಕೊಯ್ತಾರೆ. ಅವರನ್ನು ಮೂಢರು ಅನ್ನೋದು ಸುಲಭ. ಪೂಜಾರಿ ಊರಾಗ ಸಿಗತಾನ. ಡಾಕ್ಟರು ಸಿಗತಾರೇನು? ಧಾರವಾಡದಲ್ಲಿ 1845ರಿಂದ ಮಾನಸಿಕ ಆಸ್ಪತ್ರೆ ಇದೆ. ಬೆಳಗಾವಿ ಸರ್ಕಾರಿ ಆಸ್ಪತ್ರೆಯಲ್ಲೂ ಮನೋರೋಗ ವಿಭಾಗ ಇದೆ. ಇದ್ದರೇನು? ಕಣಕುಂಬಿಯ ಮಳೆಯಲ್ಲಿ, ಹೆದರಿ ಹೌಹಾರಿದ ಮಗನನ್ನು ಬಸ್ಸು ಹತ್ತಿಸುವವರು ಯಾರು? ಮರಾಠಿಯಲ್ಲೋ ಕೊಂಕಣಿಯಲ್ಲೋ ಅಳುವ ಮನಸ್ಸನ್ನು ಅದೇ ಭಾಷೆಯಲ್ಲಿ ಕೇಳುವವರು ಯಾರು? ಗಡಿಯ ಹೆಸರಲ್ಲಿ ಗುದ್ದಾಡುವ ಎರಡೂ ಬಣದವರು ಈ ಪ್ರಶ್ನೆ ಎತ್ತೋದಿಲ್ಲ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ 28 ಜನ ಓಡಲಾರದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 95ನೇ ಕಲಮಿನಲ್ಲಿ ಸರಪಳಿಯನ್ನು ನಿಷೇಧಿಸಿತು. ಸರಿಯಾದ ಮಾತು. ಆದರೆ ಅದೇ ಕಾಯ್ದೆಯ 18ನೇ ಕಲಮು ಇನ್ನೂ ಏನೇನೋ ಹೇಳಿದೆ: ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಕ್ಕೆ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧ ಯಾವಾಗಲೂ ಪುಕ್ಕಟೆ, ರೋಗಿ ಉಳಿಯಲು ಆಸರೆಮನೆ, ಮನೆಬಾಗಿಲಿಗೇ ಪುನರ್ವಸತಿ. ನಿಷೇಧ ಅವ್ವನ ಹೊಸ್ತಿಲಿಗೆ ಬಂತು, ಆಸರೆ ಕಾಗದದಲ್ಲೇ ಕೂತಿತು. ಹೀಗಾಗಿ ಮಗನ ಕಾಲಿನ ಸರಪಳಿ ಬಿಚ್ಚಿದರೂ ಅದರ ಇನ್ನೊಂದು ತುದಿ ಅವ್ವನ ಕಾಲಲ್ಲೇ ಉಳಿದಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನೂ ಸೇರಿಸಿಕೊಂಡಿದೆ. ಹೆಚ್ಚು ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆಯ ಮಾತನ್ನೂ ಆಡಿದೆ. ಆದರೆ ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯೊಳಗೆ ಅಂತ ಬಾಲ ಹಚ್ಚಿದೆ. 2012ರಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧ ಎದ್ದು ನಿಂತಾಗ ಈ ಮಿತಿ ಯಾರಿಗೂ ನೆನಪಾಗಲಿಲ್ಲ. ಅವ್ವನ ಶಕ್ತಿಗೆ ಮಾತ್ರ ಯಾವ ಕಾಯ್ದೆಯಲ್ಲೂ ಮಿತಿ ಬರೆದಿಲ್ಲ.

ದಾರಿ ಗೊತ್ತಿಲ್ಲ ಅನ್ನೋ ಹಾಗೂ ಇಲ್ಲ. 1985ರಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ಈ ರೋಗಗಳ ಉಪಚಾರ ಕಲಿಸಲು ಹೊರಟಿತು. ಅದೇ ಮಾದರಿ ಹಿಡಿದು 1996ರಲ್ಲಿ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕನ್ನಡ ನೆಲದಲ್ಲಿ ಹುಟ್ಟಿದ್ದು ಖಾನಾಪುರದ ಕಾಡಂಚಿಗೆ ಯಾಕೆ ಪೂರಾ ತಲುಪಬಾರದು?

ಸಂಗಾತಿಗಳೇ, ನಾವು ಕರುಣೆ ಕೇಳುತ್ತಿಲ್ಲ. ಜಾಂಬೋಟಿ, ಲೋಂಡಾ, ನಂದಗಡದಲ್ಲಿ ಗುಳಿಗೆ ಒಂದು ದಿನವೂ ಖಾಲಿಯಾಗಬಾರದು. ಗುಳಿಗೆ ಉಗುಳುವವರಿಗೆ ತಿಂಗಳ ಇಂಜೆಕ್ಷನ್ ಅಲ್ಲೇ ಸಿಗಬೇಕು. ರೋಗ ಕೆರಳಿದ ರಾತ್ರಿ ಗಾಡಿ ಬರಬೇಕು. ಅವ್ವ ನಾಲ್ಕು ದಿನ ನಿದ್ದೆ ಮಾಡಲು ಮಗನನ್ನು ಇರಿಸಿಕೊಳ್ಳುವ ಮನೆ ತಾಲೂಕಿಗೊಂದು ಬೇಕು. ಕಾಯುವ ಕೈಗೆ ಕೂಲಿ ಬೇಕು. ವಿದ್ಯಾರ್ಥಿಗಳೇ, ಕೇರಿ ಕೇರಿ ತಿರುಗಿ ಇಂಥ ಮನೆಗಳ ಲೆಕ್ಕ ಹಿಡಿಯಿರಿ, ಹೆಸರು ಬಯಲಿಗೆ ಹಾಕದೆ. ಚಳಿಗಾಲದ ಅಧಿವೇಶನಕ್ಕೆ ಮಂತ್ರಿಗಳು ಬೆಳಗಾವಿಗೆ ಬಂದಾಗ ಆ ಲೆಕ್ಕ ಹೊತ್ತು ಸೌಧದ ಬಾಗಿಲಿಗೆ ಹೋಗೋಣ.