ತರಗೆಲೆಯ ವಿದ್ಯೆ

ಬಿದ್ದ ಎಲೆ ಕೊಳೆಯುವ ಬಗೆಯನ್ನು ಅರಿಯಲು ಸಂಶೋಧನ ವಿದ್ಯಾರ್ಥಿಯೊಬ್ಬನು ವರ್ಷಗಟ್ಟಲೆ ಕಾಡಿನ ಕೆಸರಿನಲ್ಲಿ ಅಲೆದನೆಂದರೆ ನಮ್ಮಲ್ಲಿ ಅನೇಕರು ನಗುವುದುಂಟು. ‘ಇದೂ ಒಂದು ವಿದ್ಯೆಯೆ?’ ಎಂಬ ಆ ಪ್ರಶ್ನೆಗೆ ಉತ್ತರವೀಯುವುದು ನನ್ನ ಉದ್ದೇಶ.

ಇಂಥ ಅಧ್ಯಯನಕ್ಕೆ ತಕ್ಕ ನೆಲೆ ನಮ್ಮ ನಾಡಿನಲ್ಲಿಯೇ ಇದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ, ಹಳ್ಳದ ಮಗ್ಗುಲ ರಾಂಪತ್ರೆ ಜಡ್ಡಿಗಳ ನೆಲ ಸದಾ ನೀರುಂಡಿರುತ್ತದೆ. ಅಲ್ಲಿಯ ಮರಗಳು ಉಸಿರಾಟಕ್ಕಾಗಿ ಬೇರುಗಳನ್ನು ಮಡಿಸಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆತ್ತಿವೆ. 2000ದಲ್ಲಿ ಹೊಸ ಪ್ರಭೇದವೆಂದು ವರ್ಣಿತವಾದ ವೃಕ್ಷವೊಂದು ಈ ಕಾನಿನ ಹೆಸರನ್ನೇ ಹೊತ್ತು ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಎನಿಸಿಕೊಂಡಿದೆ.

ಅಧ್ಯಯನದ ಕ್ರಮ ಸರಳವಾದುದು. ಒಣಗಿದ ಎಲೆಗಳನ್ನು ತೂಗಿ, ಬಲೆಯ ಚೀಲಗಳಲ್ಲಿ ತುಂಬಿ ನೆಲದ ಮೇಲಿಡುವುದು. ತಿಂಗಳಿಗೊಂದರಂತೆ ತೆಗೆದು, ಒಣಗಿಸಿ, ಮರಳಿ ತೂಗುವುದು. ಕುಂದಿದ ತೂಕದಿಂದ ಕೊಳೆಯುವ ವೇಗ ತಿಳಿಯುತ್ತದೆ. ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕ ಅತ್ಯಲ್ಪವಾದುದರಿಂದ ಕೊಳೆಯುವಿಕೆ ನಿಧಾನವಾಗಿ, ಇಂಗಾಲವು ನೆಲದಲ್ಲಿ ಉಳಿಯುತ್ತದೆ. ನೈಟ್ರೇಟಿನಲ್ಲಿಯ ಸಾರಜನಕದ ಒಂದು ಪಾಲು ಅನಿಲವಾಗಿ ಗಾಳಿಯನ್ನು ಸೇರುತ್ತದೆ. ಕಬ್ಬಿಣದೊಡನೆ ಬೆಸೆದಿದ್ದ ರಂಜಕ ಬಿಡುಗಡೆಯಾಗುತ್ತದೆ.

ಯಲಬುರ್ಗಾದ ಎರೆಹೊಲಕ್ಕೂ ಆ ಜಡ್ಡಿಗೂ ಏನು ನಂಟು? ತುಂಗಭದ್ರೆಯ ಕಾಲುವೆಯುಂಡ ಗಂಗಾವತಿಯ ಭತ್ತದ ಗದ್ದೆಯಲ್ಲಿ ನಡೆಯುವುದೂ ಇದೇ ಕೆಸರಿನ ವ್ಯಾಪಾರ. ಚೆಲ್ಲಿದ ಯೂರಿಯಾದ ಪಾಲೊಂದು ಪೈರಿಗೆ ದಕ್ಕದೆ ಹೋಗುತ್ತದೆ. ಮಳೆಯನ್ನೇ ನಂಬಿದ ನಮ್ಮ ಹೊಲಗಳಲ್ಲಿಯಾದರೋ ತೇವ ಸಾಲದೆ ಎಲೆ ಕೊಳೆಯದು. ಅಲ್ಲಿ ಗಾಳಿಯ ಬಡತನ, ಇಲ್ಲಿ ನೀರಿನ ಬಡತನ. ಒಂದೇ ಜಿಲ್ಲೆಯ ಈ ಎರಡು ನೆಲಗಳಿಗೆ ಒಂದೇ ಗೊಬ್ಬರದ ಲೆಕ್ಕ ಹೇಳಿದರೆ ನಷ್ಟ ಒಕ್ಕಲಿಗನದು.

ಕನ್ನಡದಲ್ಲಿ ‘ಕೊಳೆ’ ಎಂದರೆ ಮಲಿನತೆ. ‘ಕೊಳೆ’ ಎಂಬುದೇ ಧಾತುವಾದಾಗ ಜೀರ್ಣವಾಗುವ ಕ್ರಿಯೆ. ನಾವು ಮೊದಲನೆಯ ಅರ್ಥವನ್ನಷ್ಟೇ ಹಿಡಿದು, ಬೇವಿನ ತರಗನ್ನು ಗುಡಿಸಿ ಬೆಂಕಿಯಿಡುತ್ತೇವೆ. ಅದರೊಡನೆ ಇಂಗಾಲವೂ ಬಹುಪಾಲು ಸಾರಜನಕವೂ ಹೊಗೆಯಾಗಿ ಹೋಗುತ್ತವೆ.

ಆದುದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ಅರಿಕೆ: ಶಾಲೆಯ ತರಗನ್ನು ಸುಡದೆ ಗುಂಡಿಗೆ ಹಾಕಿಸಿ, ಮಕ್ಕಳ ಕೈಯಿಂದಲೇ ತೂಗಿಸಿರಿ. ದಾನಿಗಳಲ್ಲಿ ಇನ್ನೊಂದು ಅರಿಕೆ: ಕಟ್ಟಡಕ್ಕೆ ಕೊಟ್ಟ ದತ್ತಿ ಕಲ್ಲಿನ ಮೇಲೆ ಹೆಸರಾಗಿ ನಿಲ್ಲುತ್ತದೆ, ನಿಲ್ಲಲಿ. ಅದರ ಜೊತೆಗೆ ಈ ಸೀಮೆಯ ಒಬ್ಬ ವಿದ್ಯಾರ್ಥಿ ಮೂರು ವರ್ಷ ನಿಶ್ಚಿಂತನಾಗಿ ಮಣ್ಣನ್ನು ಅಭ್ಯಸಿಸುವಷ್ಟು ವೇತನವನ್ನೂ ಏರ್ಪಡಿಸಿರಿ. ಅವನು ಕಲಿತು ಬಂದು ಹೇಳುವ ಮಾತನ್ನು ಕೇಳಲು ನಮ್ಮ ಹೊಲಗಳು ಕಾದಿವೆ.