ರಂಗೋಲಿ ಕೆಳಗೆ ತೂರುವವರಿಗೆ ಜಲ್ಲಿಯೇ ಮದ್ದು

“ಬಿಡಿ ಸಾರ್, ಗೆರೆಯಿಂದ ಒಂದು ಗೇಣು ಆಚೆ ಹೋದ್ರೆ ಏನ್ ಮುಳುಗ್ಹೋಯ್ತು? ರೇಸ್ ಮಾಡೋಕ್ ಬಿಡಿ!” ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬೈಟು ಕಾಫಿ ಹಿಡಿದು ನಿಂತ ಫಾರ್ಮುಲಾ ಒನ್ ಪಂಡಿತರ ಈ ಔದಾರ್ಯ ಕೇಳಿ ಕೇಳಿ ಸಾಕಾಗಿದೆ. ಅವರ ಮೆಚ್ಚಿನ ಚಾಲಕನನ್ನು ಇನ್ನೊಬ್ಬ ಗೆರೆ ದಾಟಿ ಹಿಂದಿಕ್ಕಲಿ, ಆಗ ನೋಡಿ: ತೀರ್ಪು ಕೊಡುವ ಸ್ಟೀವರ್ಡ್‌ಗಳ ಏಳು ತಲೆಮಾರನ್ನೂ ಜಾಲಾಡುತ್ತಾರೆ.

ನಿಯಮ ಮಗುವಿಗೂ ಅರ್ಥವಾಗುತ್ತದೆ. ಬಿಳಿ ಗೆರೆಯೇ ಟ್ರ್ಯಾಕಿನ ಅಂಚು. ನಾಲ್ಕೂ ಚಕ್ರ ಪೂರ್ತಿ ಆಚೆ ಹೋದರೆ ತಪ್ಪು. ರೇಸಿನಲ್ಲಿ ಮೂರು ಸಲ ಮಾಫಿ, ನಾಲ್ಕನೆಯದಕ್ಕೆ ಐದು ಸೆಕೆಂಡು ದಂಡ. ಇದನ್ನು ಜಾರಿ ಮಾಡುವ ಚಂದ ನೋಡಬೇಕಾದರೆ 2023ರ ಆಸ್ಟ್ರಿಯಾ ಗ್ರ್ಯಾನ್ ಪ್ರಿ ನೆನೆಯಿರಿ. 71 ಸುತ್ತಿನ ಒಂದು ರೇಸಿನಲ್ಲಿ ಪರಿಶೀಲಿಸಬೇಕಾದ ಪ್ರಕರಣಗಳು 1,200ಕ್ಕೂ ಹೆಚ್ಚು! ಷಾಂಪೇನ್ ಎರಚಿ, ಜನರೆಲ್ಲ ಮನೆ ಸೇರಿದ ಮೇಲೆ, ಆಸ್ಟನ್ ಮಾರ್ಟಿನ್ ತಂಡ ದೂರಿತ್ತ ನಂತರ ಮತ್ತೆ ಲೆಕ್ಕ ತೆಗೆದು ಎಂಟು ಚಾಲಕರಿಗೆ ದಂಡ ಹಾಕಿದರು. ಎಸ್ಟೆಬಾನ್ ಒಕಾನ್ ಒಬ್ಬರಿಗೇ 30 ಸೆಕೆಂಡು. ನಾಲ್ಕನೆಯವರಾಗಿ ಮುಗಿಸಿದ್ದ ಕಾರ್ಲೋಸ್ ಸೈನ್ಜ್ ರಾತ್ರಿಯಾಗುವಷ್ಟರಲ್ಲಿ ಆರನೆಯವರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದು ಎನ್ನುವುದು ಇದಕ್ಕೇ.

2021ರ ಬಹರೇನ್ ರೇಸ್ ಇನ್ನೂ ಸೊಗಸು. ಅರ್ಹತಾ ಸುತ್ತಿನಲ್ಲಿ ನಾಲ್ಕನೇ ತಿರುವಿನ ಮಿತಿ ದಾಟುವಂತಿಲ್ಲ, ರೇಸಿನಲ್ಲಿ ಕಣ್ಣುಮುಚ್ಚಾಲೆ. ಹ್ಯಾಮಿಲ್ಟನ್ ಸುತ್ತಿನ ಮೇಲೆ ಸುತ್ತು ಆಚೆ ಹೋಗಿ ಬಂದರು. ನಡುವೆ ಯಾರೋ ಎಚ್ಚೆತ್ತು “ಸಾಕು” ಅಂದರು. ಕೊನೆಯಲ್ಲಿ ಅದೇ ತಿರುವಿನಲ್ಲಿ ಆಚೆಯಿಂದ ನುಗ್ಗಿ ಹ್ಯಾಮಿಲ್ಟನ್‌ರನ್ನು ಹಿಂದಿಕ್ಕಿದ ವರ್ಸ್ಟಾಪನ್ ಮಾತ್ರ ಜಾಗ ಬಿಟ್ಟುಕೊಟ್ಟು ಸೋತರು.

ಮದ್ದು ಸಿಕ್ಕಿದ್ದು 2024ರಲ್ಲಿ. ಆಸ್ಟ್ರಿಯಾದ ಕೊನೆಯ ಎರಡು ತಿರುವುಗಳ ಆಚೆ ಜಲ್ಲಿಯ ಪಟ್ಟಿ ಹಾಕಿದರು. ಚಕ್ರ ಇಳಿದರೆ ಹಿಡಿತ ಹೋಯಿತು, ಸಮಯವೂ ಹೋಯಿತು. ಹೆಚ್ಚುಕಡಿಮೆ ಅದೇ ಚಾಲಕರು, ಅದೇ ಟ್ರ್ಯಾಕು. ಪ್ರಕರಣಗಳ ಮಹಾಪೂರ ಮಾತ್ರ ಇಳಿಯಿತು. ಜಲ್ಲಿ ಯಾರ ಅಭಿಮಾನಿಯೂ ಅಲ್ಲ, ಅದಕ್ಕೆ ಮೇಲ್ಮನವಿಯೂ ಇಲ್ಲ.

ಗೆರೆ ದಾಟುವ ಮಾತು ಬಂದ ಮೇಲೆ ನಮ್ಮ ಬೆಂಗಳೂರಿನದ್ದೂ ಆಡಿಯೇಬಿಡುತ್ತೇನೆ. ಜೆ.ಪಿ. ನಗರದಲ್ಲಿ ಸಿಗ್ನಲ್ ಬೀಳುವ ಮುನ್ನ ಜೀಬ್ರಾ ಪಟ್ಟೆಯ ಮೇಲೆ ಬಂದು ನಿಲ್ಲುವವರು, ಬಿಟಿಎಂನಲ್ಲಿ ಫುಟ್‌ಪಾತನ್ನೇ ಓವರ್‌ಟೇಕ್ ಲೇನ್ ಮಾಡಿಕೊಂಡ ಸ್ಕೂಟರ್ ವೀರರು, ಬನಶಂಕರಿಯಲ್ಲಿ ಅವರಿಗೆ ಹೆದರಿ ಗೋಡೆಗೆ ಅಂಟಿ ನಡೆಯುವ ಅಜ್ಜಿಯರು. ಕ್ಯಾಮೆರಾ ಇದೆ, ನೋಟಿಸ್ ಬರುತ್ತದೆ. ಬಂದರೇನು? 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ, 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ. ಸೀರೆ ಅಂಗಡಿಯ ಆಷಾಢ ಸೇಲ್‌ನಂತೆ! ಹೊತ್ತಿಗೆ ಸರಿಯಾಗಿ ಕಟ್ಟಿದವನೇ ಪೆದ್ದ. ಅದೇ ಫುಟ್‌ಪಾತಿನ ಬಾಯಿಗೆ ಮೂರು ಕಂಬ ನೆಟ್ಟು ನೋಡಿ, ಯಾವ ವೀರ ಹತ್ತುತ್ತಾನೆ?

ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜಾತಿ ನಮ್ಮದು. ಆಸ್ಟ್ರಿಯಾದಲ್ಲೂ ಅಷ್ಟೆ, ಔಟರ್ ರಿಂಗ್ ರೋಡಿನಲ್ಲೂ ಅಷ್ಟೆ. ಆದ್ದರಿಂದ ಗೆರೆ ಎಳೆಯುವ ಮಹನೀಯರಲ್ಲಿ ಒಂದೇ ಕೋರಿಕೆ: ಬಣ್ಣದ ಡಬ್ಬ ಕೆಳಗಿಡಿ. ಅಲ್ಲಿ ಜಲ್ಲಿ ಸುರಿಯಿರಿ, ಇಲ್ಲಿ ಕಂಬ ನೆಡಿ.