ಕೋರ್ ದುಪ್ಪಟ್ಟಾದರೆ ಫೋನ್ ವೇಗವೂ ದುಪ್ಪಟ್ಟೇ? ಹುಮನಾಬಾದ್ ಕೂಡುರಸ್ತೆಯ ಲೆಕ್ಕ ನೋಡಿ

"4 ಕೋರ್ ಫೋನಿಗಿಂತ 8 ಕೋರ್ ಫೋನ್ ಎರಡು ಪಟ್ಟು ವೇಗ." ಇಂಥ ಸಂದೇಶಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಲೇ ಇರುತ್ತವೆ. ಬಸವಕಲ್ಯಾಣ, ಹುಮನಾಬಾದ್ ಕಡೆ ಸೋಯಾ, ತೊಗರಿ ಮಾರಿದ ದುಡ್ಡಿನಲ್ಲಿ ಮಕ್ಕಳ ಓದಿಗೆಂದು ಫೋನ್ ಕೊಳ್ಳುವ ಮನೆಗೆ ಇದು ಸಣ್ಣ ವಿಷಯವಲ್ಲ. ಒಂದು ಅಂಕಿಯನ್ನು ನಂಬಿ ಹೆಚ್ಚು ಹಣ ತೆರುವ ಮುನ್ನ ಚಿಪ್‌ನ ಒಳಗೆ ಏನು ನಡೆಯುತ್ತದೆ ಎಂದು ನೋಡೋಣ.

ಕೋರ್ ಒಂಟಿಯಾಗಿ ದುಡಿಯುವುದಿಲ್ಲ

ಕೋರ್ ಎಂದರೆ ಲೆಕ್ಕ ಮಾಡುವ ಘಟಕ. ಅದಕ್ಕೆ ಬೇಕಾದ ಮಾಹಿತಿ ಮೆಮೊರಿಯಿಂದಲೋ ಬೇರೆ ಕೋರ್‌ನಿಂದಲೋ ಬರಬೇಕು. ಬರುವುದು ತಡವಾದರೆ ಎಂಥ ವೇಗದ ಕೋರ್ ಆದರೂ ಕೈಕಟ್ಟಿ ಕೂರಬೇಕಾಗುತ್ತದೆ. ಕೋರ್‌ಗಳು ತುಂಬಾ ಹೆಚ್ಚಾದಾಗ ಚಿಪ್‌ನೊಳಗೇ ಒಂದು ರಸ್ತೆಜಾಲ ಬೇಕಾಗುತ್ತದೆ. ಅದರ ಪ್ರತಿ ಕೂಡುರಸ್ತೆಯಲ್ಲೂ ದಾರಿ ತೋರಿಸುವ ಒಂದು ರೌಟರ್ ಇರುತ್ತದೆ.

ಈ ಓಡಾಟ ಪುಕ್ಕಟೆಯಲ್ಲ. ಇಂಟೆಲ್ 2007ರಲ್ಲಿ 80 ಕೋರ್‌ಗಳ ಪ್ರಾಯೋಗಿಕ ಚಿಪ್ ಒಂದನ್ನು ಪ್ರಕಟಿಸಿತು. ಅದರ ವಿನ್ಯಾಸದಲ್ಲಿ ಬೆಂಗಳೂರಿನ ಎಂಜಿನಿಯರ್‌ಗಳೂ ಇದ್ದರು. ಅದರ ಪ್ರತಿ ಘಟಕ ಬಳಸುವ ವಿದ್ಯುತ್ತಿನಲ್ಲಿ ಸುಮಾರು ಶೇ 28ರಷ್ಟು ಬರೀ ಮಾಹಿತಿ ಸಾಗಿಸುವುದಕ್ಕೇ ಹೋಗುತ್ತಿತ್ತು.

ನಿಲ್ಲಿಸದೆ ಕಳುಹಿಸುವ ಉಪಾಯ

ಈಗ ಹುಮನಾಬಾದಿಗೆ ಬನ್ನಿ. ಇಲ್ಲಿ ರಾಷ್ಟ್ರೀಯ ಹೆದ್ದಾರಿ 65 ಮತ್ತು 50 ಸಂಧಿಸುತ್ತವೆ. ದಾರಿಗಳು ನಾಲ್ಕು: ಬಸವಕಲ್ಯಾಣ-ಸೊಲ್ಲಾಪುರದ ಕಡೆಗೆ, ಹೈದರಾಬಾದ್ ಕಡೆಗೆ, ಬೀದರ್ ಕಡೆಗೆ, ಕಲಬುರಗಿ ಕಡೆಗೆ. ಬಸವಕಲ್ಯಾಣದಿಂದ ಬಂದ ಗಾಡಿ ಮತ್ತು ಬೀದರ್‌ನಿಂದ ಬಂದ ಗಾಡಿ ಎರಡಕ್ಕೂ ಏಕಕಾಲಕ್ಕೆ ಕಲಬುರಗಿ ದಾರಿಯೇ ಬೇಕು ಎಂದುಕೊಳ್ಳಿ. ಸಾಮಾನ್ಯ ರೌಟರ್ ಒಂದನ್ನು ಬಿಟ್ಟು ಇನ್ನೊಂದನ್ನು ತಂಗುದಾಣದಲ್ಲಿ ನಿಲ್ಲಿಸುತ್ತದೆ. ಈ ತಂಗುದಾಣಕ್ಕೆ ಬಫರ್ ಎನ್ನುತ್ತಾರೆ. ಅದು ಚಿಪ್‌ನಲ್ಲಿ ಜಾಗವನ್ನೂ ವಿದ್ಯುತ್ತನ್ನೂ ತಿನ್ನುತ್ತದೆ.

ಡಿಫ್ಲೆಕ್ಷನ್ ರೌಟಿಂಗ್‌ನಲ್ಲಿ ತಂಗುದಾಣವೇ ಇಲ್ಲ. ಬೇಕಾದ ದಾರಿ ಸಿಗದ ಗಾಡಿಯನ್ನು ಖಾಲಿ ಇರುವ ಬೇರೆ ದಾರಿಗೆ ತಿರುಗಿಸಿಬಿಡುತ್ತಾರೆ. ಅದು ಮುಂದಿನ ಕೂಡುರಸ್ತೆಯಿಂದ ಸುತ್ತಿಕೊಂಡು ಊರು ಸೇರಬೇಕು. ನಾಲ್ಕು ಕಡೆಯಿಂದ ಒಂದೊಂದೇ ಗಾಡಿ ಬರುತ್ತದೆ, ಹೊರಗೆ ಹೋಗುವ ದಾರಿಗಳೂ ನಾಲ್ಕು. ಹಾಗಾಗಿ ಯಾರೂ ನಿಲ್ಲಬೇಕಿಲ್ಲ. ಆದರೆ ಹುಮನಾಬಾದಿನಲ್ಲೇ ಹೊರಡುವ ಹೊಸ ಗಾಡಿ ಮಾತ್ರ ಒಂದು ದಾರಿ ಖಾಲಿಯಾಗುವವರೆಗೆ ನಿಲ್ದಾಣದಲ್ಲೇ ಕಾಯಬೇಕು.

ಗಾಡಿ ಸುತ್ತುತ್ತಲೇ ಉಳಿದರೆ? ಎಲ್ಲಕ್ಕಿಂತ ಮೊದಲು ಹೊರಟಿದ್ದಕ್ಕೆ ಎಲ್ಲೆಡೆ ಮೊದಲ ಆಯ್ಕೆ ಕೊಡುವುದು ಒಂದು ಪರಿಹಾರ. ಅದು ತಲುಪಿದ ಮೇಲೆ ಮುಂದಿನ ಹಳೆಯದಕ್ಕೆ ಸರದಿ. ಹೀಗೆ ಎಲ್ಲವೂ ಒಂದಲ್ಲ ಒಂದು ಹೊತ್ತಿಗೆ ಸೇರುತ್ತವೆ.

ಉಪಾಯ ಹಳೆಯದು. ದೂರಸಂಪರ್ಕ ಜಾಲಗಳಿಗಾಗಿ ಪಾಲ್ ಬರಾನ್ 1964ರಲ್ಲೇ ಇದನ್ನು ವಿವರಿಸಿದ್ದರು. ತಂಗುದಾಣವಿಲ್ಲದ ಈ ಕ್ರಮ ಚಿಪ್‌ನೊಳಗೂ ಲಾಭದಾಯಕ ಎಂದು 2009ರಲ್ಲಿ ವಾದ ಮಂಡಿಸಿದವರು ಥಾಮಸ್ ಮೊಸಿಬ್ರೊಡಾ ಮತ್ತು ಒನೂರ್ ಮುಟ್ಲು. ಇದು ಹೆಚ್ಚಾಗಿ ಸಂಶೋಧನೆಯ ವಿಷಯ. ನಿಮ್ಮ ಫೋನಿನಲ್ಲಿ ಇದೇ ಇದೆ ಎಂದು ತಿಳಿಯಬೇಡಿ.

ಸಿಮ್ಯುಲೇಟರ್ ಎಲ್ಲಿ ಮೋಸಹೋಗಬಹುದು?

ಚಿಪ್ ತಯಾರಿಸುವುದು ದುಬಾರಿ. ಅದಕ್ಕೆ ಸಂಶೋಧಕರು ಮೊದಲು ಬುಕ್‌ಸಿಮ್, ಗಾರ್ನೆಟ್‌ನಂಥ ಸಿಮ್ಯುಲೇಟರ್ ತಂತ್ರಾಂಶಗಳಲ್ಲಿ ಈ ಸಂಚಾರವನ್ನು ಗಡಿಯಾರದ ಒಂದೊಂದು ಮಿಡಿತಕ್ಕೂ ಲೆಕ್ಕ ಹಾಕಿ ನೋಡುತ್ತಾರೆ. ಡಿಫ್ಲೆಕ್ಷನ್ ಅಳವಡಿಸಬೇಕಾದರೆ ಕಾಯುವ ಸಾಲನ್ನು ತೆಗೆದರೆ ಸಾಲದು. ಒಂದೇ ಸಂದೇಶದ ತುಣುಕುಗಳು ಬೇರೆ ಬೇರೆ ದಾರಿ ಹಿಡಿಯುವುದರಿಂದ ಪ್ರತಿ ತುಣುಕಿಗೂ ವಿಳಾಸ ಬರೆಯಬೇಕು. ಹಿಂದುಮುಂದಾಗಿ ಬಂದವನ್ನು ತಲುಪುವ ಜಾಗದಲ್ಲಿ ಜೋಡಿಸಬೇಕು. ಅದಕ್ಕೆ ಅಲ್ಲಿ ಮೆಮೊರಿ ಬೇಕು. ಅಂದರೆ ದಾರಿಯಲ್ಲಿ ಉಳಿಸಿದ ಜಾಗದ ಒಂದು ಪಾಲು ಮನೆಬಾಗಿಲಲ್ಲಿ ಖರ್ಚಾಗುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ಪ್ರಯಾಣದ ಸಮಯವನ್ನು ಎಲ್ಲಿಂದ ಎಣಿಸುತ್ತೇವೆ? ಗಾಡಿ ರಸ್ತೆಗೆ ಇಳಿದ ಕ್ಷಣದಿಂದ ಎಣಿಸಿದರೆ ಡಿಫ್ಲೆಕ್ಷನ್ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ರಸ್ತೆ ತುಂಬಿದಾಗ ಹೊಸ ಗಾಡಿಗಳು ನಿಲ್ದಾಣದಲ್ಲೇ ಕಾಯುತ್ತಿರುತ್ತವೆ. ಆ ಕಾಯುವಿಕೆಯನ್ನು ಬಿಟ್ಟು ಕೊಟ್ಟ ಅಂಕಿ ಸುಳ್ಳಲ್ಲ, ಅರ್ಧ ಸತ್ಯ.

ಸಂಚಾರ ಕಡಿಮೆಯಿದ್ದಾಗ ಈ ವಿಧಾನ ವಿದ್ಯುತ್ ಉಳಿಸುತ್ತದೆ, ವೇಗವೂ ಹೆಚ್ಚು ಕುಂದುವುದಿಲ್ಲ. ಸಂಚಾರ ದಟ್ಟವಾದಾಗ ಸುತ್ತಾಟವೇ ಹೆಚ್ಚಾಗಿ ಲಾಭ ಕರಗುತ್ತದೆ. ಅದಕ್ಕೇ 2012ರಲ್ಲಿ ಮುಟ್ಲು ಅವರ ತಂಡ ಪಕ್ಕದಲ್ಲಿ ಒಂದು ಚಿಕ್ಕ ತಂಗುದಾಣವಿರುವ ಮಧ್ಯಮ ಮಾರ್ಗವನ್ನು ಮುಂದಿಟ್ಟಿತು. ಕಡಿಮೆ ಹೊರೆಯಲ್ಲಿ ಮಾತ್ರ ಪರೀಕ್ಷಿಸಿ "ಇದೇ ಶ್ರೇಷ್ಠ" ಎಂದರೆ ಅದು ರಾತ್ರಿ ಎರಡು ಗಂಟೆಗೆ ಹೆದ್ದಾರಿ ನೋಡಿ "ಹುಮನಾಬಾದಿನಲ್ಲಿ ಟ್ರಾಫಿಕ್ಕೇ ಇಲ್ಲ" ಎಂದಂತೆ.

ಹಾಗಾದರೆ ಫಾರ್ವರ್ಡ್ ನಿಜವೇ?

ದಾರಿ ತಪ್ಪಿಸುವಂಥದ್ದು. ಹಲವು ಫೋನ್‌ಗಳ 8 ಕೋರ್‌ಗಳು ಸಮಬಲದವಲ್ಲ: ಕೆಲವು ಭಾರದ ಕೆಲಸಕ್ಕೆ, ಉಳಿದವು ಬ್ಯಾಟರಿ ಉಳಿಸುವ ಹಗುರ ಕೆಲಸಕ್ಕೆ. ಎಷ್ಟೋ ಆ್ಯಪ್‌ಗಳು ಎಂಟನ್ನೂ ಒಟ್ಟಿಗೆ ದುಡಿಸಿಕೊಳ್ಳುವುದಿಲ್ಲ. ಕೋರ್‌ಗಳ ಪೀಳಿಗೆ, ರ್‍ಯಾಮ್, ಸ್ಟೋರೇಜ್, ಮಾಹಿತಿ ಸಾಗುವ ದಾರಿ ಎಲ್ಲವೂ ಸೇರಿ ವೇಗ ನಿರ್ಧಾರವಾಗುತ್ತದೆ. ಹಳೆಯ 8 ಕೋರ್‌ಗಿಂತ ಹೊಸ 4 ಕೋರ್ ಚುರುಕಾಗಿರಬಹುದು.

ಅಂಗಡಿಯಲ್ಲಿ ಕೋರ್ ಎಷ್ಟು ಎಂದು ಮಾತ್ರ ಕೇಳಬೇಡಿ. ಚಿಪ್‌ನ ಹೆಸರು, ಅದು ಬಂದ ವರ್ಷ, ರ್‍ಯಾಮ್ ಎಷ್ಟು ಎಂದು ಕೇಳಿ. ನೀವು ನಿತ್ಯ ಬಳಸುವ ಆ್ಯಪ್‌ಗಳನ್ನೇ ಎರಡು-ಮೂರು ಒಟ್ಟಿಗೆ ತೆರೆದು ನೋಡಿ. ಮುಂದಿನ ಸಲ "ಇಷ್ಟು ಪಟ್ಟು ವೇಗ" ಎಂಬ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಎರಡು ಪ್ರಶ್ನೆ ಹಾಕಿಕೊಳ್ಳಿ: ಯಾವ ಕೆಲಸದಲ್ಲಿ ಅಳೆದರು? ಎಲ್ಲಿಂದ ಎಣಿಸಿದರು?